ಯೂರಿ ಗಗಾರಿನ್

ಯೂರಿ ಅಲೆಕ್ಸೆಯೆವಿಚ್ ಗಗಾರಿನ್ (ಮಾರ್ಚ್ 9, 1934 – ಮಾರ್ಚ್ 27, 1968) ಸೋವಿಯತ್ ಒಕ್ಕೂಟದ ವಿಮಾನ ಚಾಲಕ ಹಾಗೂ ಗಗನಯಾತ್ರಿ. ಬಾಹ್ಯಾಕಾಶವನ್ನು ತಲುಪಿ, ಕಕ್ಷೆಯಲ್ಲಿ ಭೂಮಿಯನ್ನು ಸುತ್ತಿ, ಸುರಕ್ಷಿತವಾಗಿ ಹಿಂದಿರುಗಿದ ಮೊದಲ ಮಾನವರೆಂದು ಇವರು ಪ್ರಸಿದ್ಧರು. 1961ರ ಏಪ್ರಿಲ್ 12ರಂದು ವೋಸ್ಟಾಕ್ 1 ನೌಕೆಯಲ್ಲಿ ಇವರು ಕೈಗೊಂಡ ಯಾನವು ಸುಮಾರು 108 ನಿಮಿಷಗಳ ಅವಧಿಯದು.

ಆ ಯಾನದ ನಂತರ ಗಗಾರಿನ್ ಅವರು ಏಳು ವರ್ಷಗಳಿಗಿಂತ ಸ್ವಲ್ಪ ಕಡಿಮೆ ಕಾಲ ಬದುಕಿದ್ದರು. ಎರಡನೆಯ ಬಾರಿ ಬಾಹ್ಯಾಕಾಶಕ್ಕೆ ಹೋಗುವ ಅವಕಾಶ ಅವರಿಗೆ ದೊರೆಯಲಿಲ್ಲ. ದೇಶದ ಕೀರ್ತಿಯ ಸಂಕೇತವಾಗಿದ್ದ ಅವರನ್ನು ಅಪಾಯದಿಂದ ದೂರವಿಡಲು ಸರ್ಕಾರ ಬಯಸಿತು. ಅವರು ಮಾತ್ರ ಮತ್ತೆ ಹಾರಲು ಬಯಸಿದರು. ಯುದ್ಧವಿಮಾನ ಚಾಲನೆಯ ಅರ್ಹತೆಯನ್ನು ಮರಳಿ ಪಡೆಯುವ ಪ್ರಯತ್ನದಲ್ಲಿದ್ದಾಗ, ತಮ್ಮ 34ನೆಯ ವಯಸ್ಸಿನಲ್ಲಿ ವಿಮಾನ ಅಪಘಾತವೊಂದರಲ್ಲಿ ಅವರು ನಿಧನರಾದರು.

ಜನನ ಮತ್ತು ಬಾಲ್ಯ

ಗಗಾರಿನ್ ಅವರು ಮಾಸ್ಕೋ ನಗರದ ಪಶ್ಚಿಮಕ್ಕಿರುವ ಕ್ಲುಷಿನೋ ಎಂಬ ಹಳ್ಳಿಯಲ್ಲಿ ಜನಿಸಿದರು. ಈ ಹಳ್ಳಿ ಇಂದು ರಷ್ಯಾದ ಸ್ಮೊಲೆನ್ಸ್ಕ್ ಪ್ರಾಂತ್ಯದಲ್ಲಿದೆ. ತಂದೆ ಅಲೆಕ್ಸೈ ಇವಾನೊವಿಚ್ ಬಡಗಿ. ತಾಯಿ ಅನ್ನಾ ತಿಮೊಫೆಯೆವ್ನಾ ಹೈನುಗಾರಿಕೆಯ ಕೆಲಸಗಾರ್ತಿ. ಇಬ್ಬರೂ ಊರಿನ ಸಾಮೂಹಿಕ ಕೃಷಿಕ್ಷೇತ್ರದಲ್ಲಿ ದುಡಿಯುತ್ತಿದ್ದರು. ನಾಲ್ಕು ಮಕ್ಕಳಲ್ಲಿ ಯೂರಿ ಮೂರನೆಯವರು. ಅಣ್ಣ ವ್ಯಾಲೆಂಟಿನ್, ಅಕ್ಕ ಜೋಯಾ ಮತ್ತು ತಮ್ಮ ಬೋರಿಸ್ ಇವರ ಒಡಹುಟ್ಟಿದವರು.

1941ರ ಅಕ್ಟೋಬರ್ ತಿಂಗಳಲ್ಲಿ ಜರ್ಮನ್ ಸೇನೆ ಕ್ಲುಷಿನೋ ಹಳ್ಳಿಯನ್ನು ವಶಪಡಿಸಿಕೊಂಡಿತು. ಆಗ ಯೂರಿ ಅವರಿಗೆ ಏಳು ವರ್ಷ. ಶಾಲೆಗೆ ಸೇರಿ ಕೆಲವೇ ವಾರಗಳಾಗಿದ್ದವು. ಊರಿನ ಶಾಲೆ ಬೆಂಕಿಗೆ ಆಹುತಿಯಾಯಿತು. ಗಗಾರಿನ್ ಕುಟುಂಬದ ಮನೆಯನ್ನು ಜರ್ಮನ್ನರು ತಮ್ಮ ಬಳಕೆಗೆ ತೆಗೆದುಕೊಂಡರು. ತಂದೆ ಹಿತ್ತಲಿನಲ್ಲಿ ನೆಲ ಅಗೆದು ಮಣ್ಣಿನ ಚಿಕ್ಕ ಗುಡಿಸಲೊಂದನ್ನು ಕಟ್ಟಿದರು. ಸುಮಾರು ಮೂರು ಮೀಟರ್ ಉದ್ದಗಲದ ಆ ಗುಡಿಸಲಿನಲ್ಲಿ ಇಡೀ ಕುಟುಂಬ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಒಮ್ಮೆ ಜರ್ಮನ್ ಸೈನಿಕನೊಬ್ಬ ಪುಟ್ಟ ಬೋರಿಸ್‌ನನ್ನು ಕುತ್ತಿಗೆಗೆ ಸುತ್ತಿದ್ದ ಬಟ್ಟೆಯಿಂದಲೇ ಸೇಬಿನ ಮರಕ್ಕೆ ನೇತುಹಾಕಿದನು. ತಾಯಿ ಸಕಾಲದಲ್ಲಿ ಬಂದು ಮಗುವನ್ನು ಉಳಿಸಿಕೊಂಡರು.

1943ರ ಆರಂಭದಲ್ಲಿ ಜರ್ಮನ್ ಸೇನೆ ಹಿಮ್ಮೆಟ್ಟುವಾಗ ವ್ಯಾಲೆಂಟಿನ್ ಮತ್ತು ಜೋಯಾ ಇಬ್ಬರನ್ನೂ ಬಲವಂತದ ದುಡಿಮೆಗಾಗಿ ಹಿಡಿದುಕೊಂಡು ಹೋಯಿತು. ಅವರು ತಪ್ಪಿಸಿಕೊಂಡು ಸೋವಿಯತ್ ಸೇನೆಯನ್ನು ಸೇರಿಕೊಂಡರು. ಆದರೆ ಅವರು ಬದುಕಿರುವ ಸುದ್ದಿ ಮನೆಗೆ ಬಹುಕಾಲ ತಲುಪಲಿಲ್ಲ. ಯುದ್ಧ ಮುಗಿದ ಬಳಿಕವೇ ಇಬ್ಬರೂ ಮನೆಗೆ ಮರಳಿದರು.

ಶಿಕ್ಷಣ ಮತ್ತು ಹಾರಾಟದ ಆರಂಭ

1946ರಲ್ಲಿ ಕುಟುಂಬವು ಸಮೀಪದ ಗ್ಜಾತ್ಸ್ಕ್ ಪಟ್ಟಣಕ್ಕೆ ನೆಲೆ ಬದಲಿಸಿತು. ಹಳ್ಳಿಯ ಮರದ ಮನೆಯನ್ನು ಬಿಚ್ಚಿ ತಂದು, ಪಟ್ಟಣದಲ್ಲಿ ಮತ್ತೆ ಜೋಡಿಸಲಾಯಿತು. ಗಗಾರಿನ್ ಅವರು ಅಲ್ಲಿನ ಶಾಲೆಯಲ್ಲಿ 1949ರವರೆಗೆ ಓದಿದರು.

ಬೇಗನೆ ದುಡಿಮೆಗೆ ಸೇರಿ ಮನೆಗೆ ನೆರವಾಗುವ ಉದ್ದೇಶದಿಂದ ಅವರು ಮಾಸ್ಕೋ ಸಮೀಪದ ಲ್ಯುಬೆರ್ತ್ಸಿ ಪಟ್ಟಣದ ಕಾರ್ಖಾನೆಯೊಂದರ ವೃತ್ತಿಶಾಲೆಯನ್ನು ಸೇರಿದರು. ಅಲ್ಲಿ ಲೋಹವನ್ನು ಎರಕ ಹೊಯ್ಯುವ ಮತ್ತು ಅಚ್ಚು ಸಿದ್ಧಪಡಿಸುವ ಕೆಲಸ ಕಲಿತರು. ಹಗಲು ಕಾರ್ಖಾನೆಯ ಕೆಲಸ, ಸಂಜೆ ಯುವ ಕಾರ್ಮಿಕರ ಶಾಲೆ ಎಂಬಂತೆ ಅವರ ವಿದ್ಯಾಭ್ಯಾಸ ಸಾಗಿತು. 1951ರಲ್ಲಿ ಉತ್ತಮ ಶ್ರೇಣಿಯಲ್ಲಿ ತೇರ್ಗಡೆಯಾದ ಅವರಿಗೆ ವೋಲ್ಗಾ ನದಿಯ ದಂಡೆಯ ಸರಾತೋವ್ ನಗರದ ಕೈಗಾರಿಕಾ ತಾಂತ್ರಿಕ ಶಾಲೆಯಲ್ಲಿ ಪ್ರವೇಶ ದೊರೆಯಿತು.

ಸರಾತೋವ್‌ನಲ್ಲಿ ಓದುತ್ತಿರುವಾಗಲೇ ಗಗಾರಿನ್ ಅವರು ಸ್ಥಳೀಯ ವೈಮಾನಿಕ ಕ್ಲಬ್ಬಿಗೆ ಸೇರಿ ಹಾರಾಟ ಕಲಿತರು. 1955ರಲ್ಲಿ ಯಾಕ್-18 ತರಬೇತಿ ವಿಮಾನವನ್ನು ಮೊದಲ ಬಾರಿಗೆ ಒಬ್ಬರೇ ಹಾರಿಸಿದರು. ಅದೇ ವರ್ಷ ತಾಂತ್ರಿಕ ಶಿಕ್ಷಣ ಮುಗಿಸಿ, ಒರೆನ್‌ಬರ್ಗ್ ನಗರದ ವಾಯುಪಡೆ ಚಾಲಕರ ಶಾಲೆಯನ್ನು ಸೇರಿದರು.

ವಾಯುಪಡೆಯಲ್ಲಿ

ಒರೆನ್‌ಬರ್ಗ್‌ನಲ್ಲಿ ಗಗಾರಿನ್ ಅವರ ಸಾಧನೆ ಒಟ್ಟಾರೆ ಉತ್ತಮವಾಗಿಯೇ ಇತ್ತು. ಆದರೆ ವಿಮಾನವನ್ನು ನೆಲಕ್ಕಿಳಿಸುವಾಗ ಅವರು ಪದೇ ಪದೇ ತಪ್ಪುತ್ತಿದ್ದರು. ಈ ಕಾರಣಕ್ಕೆ ಅವರನ್ನು ಶಾಲೆಯಿಂದ ಹೊರಹಾಕುವ ಸಂದರ್ಭವೂ ಒದಗಿತ್ತು. ಅವರ ಎತ್ತರ ಸುಮಾರು 157 ಸೆಂಟಿಮೀಟರ್ ಮಾತ್ರವಾಗಿದ್ದರಿಂದ, ಚಾಲಕನ ಕೋಣೆಯಿಂದ ಓಡುದಾರಿ ಸರಿಯಾಗಿ ಕಾಣುತ್ತಿಲ್ಲವೆಂದು ಶಿಕ್ಷಕರು ಊಹಿಸಿದರು. ಆಸನದ ಮೇಲೆ ದಿಂಬೊಂದನ್ನು ಇಟ್ಟು ಕೂರಿಸಿದ ಬಳಿಕ ಈ ತೊಂದರೆ ನಿವಾರಣೆಯಾಯಿತು.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಮೊದಲ ಕೃತಕ ಉಪಗ್ರಹವಾದ ಸ್ಪುಟ್ನಿಕ್ 1 ಅನ್ನು ಕಕ್ಷೆಗೆ ಸೇರಿಸಿತು. ಅದೇ ತಿಂಗಳ 27ರಂದು ಗಗಾರಿನ್ ಅವರು ವ್ಯಾಲೆಂಟಿನಾ ಗೊರ್ಯಾಚೆವಾ ಅವರನ್ನು ವಿವಾಹವಾದರು. ನವೆಂಬರ್ ತಿಂಗಳಲ್ಲಿ ಲೆಫ್ಟಿನೆಂಟ್ ಹುದ್ದೆಯೊಂದಿಗೆ ವಾಯುಪಡೆಯ ಸೇವೆಗೆ ಸೇರಿದರು. ನಾರ್ವೆಯ ಗಡಿಗೆ ಸಮೀಪದಲ್ಲಿರುವ ಲುವೋಸ್ತಾರಿ ವಾಯುನೆಲೆಗೆ ಅವರನ್ನು ನಿಯೋಜಿಸಲಾಯಿತು. ಧ್ರುವಪ್ರದೇಶದ ದೀರ್ಘ ಕತ್ತಲು ಮತ್ತು ಹಿಮಗಾಳಿಯ ನಡುವೆ ಅವರು ಮಿಗ್-15 ಯುದ್ಧವಿಮಾನವನ್ನು ಹಾರಿಸಿದರು. ಮೊದಲ ಮಗಳು ಯೆಲೆನಾ 1959ರಲ್ಲಿ ಜನಿಸಿದಳು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಲೂನಾ 3 ಶೋಧನೌಕೆ ಚಂದ್ರನ ಹಿಂಬದಿಯ ಚಿತ್ರಗಳನ್ನು ತೆಗೆದಾಗ, ಗಗಾರಿನ್ ಅವರಲ್ಲಿ ಬಾಹ್ಯಾಕಾಶದ ಬಗೆಗಿನ ಆಸಕ್ತಿ ಇನ್ನಷ್ಟು ಬಲವಾಯಿತು. ಗಗನಯಾತ್ರಿಗಳ ಆಯ್ಕೆಗೆ ತಮ್ಮನ್ನು ಪರಿಗಣಿಸಬೇಕೆಂದು ಅವರು ಮೇಲಧಿಕಾರಿಗಳಿಗೆ ಮನವಿ ಸಲ್ಲಿಸಿದರು.

ಗಗನಯಾತ್ರಿಯಾಗಿ ಆಯ್ಕೆ

ಮೊದಲ ಗಗನಯಾತ್ರಿಗಳನ್ನು ವಾಯುಪಡೆಯ ಯುದ್ಧವಿಮಾನ ಚಾಲಕರಿಂದಲೇ ಆರಿಸಲು ಸೋವಿಯತ್ ಅಧಿಕಾರಿಗಳು ನಿರ್ಧರಿಸಿದ್ದರು. ವೇಗ, ಒತ್ತಡ ಮತ್ತು ಆಕಸ್ಮಿಕ ಅಪಾಯಗಳನ್ನು ಎದುರಿಸುವ ಅಭ್ಯಾಸ ಅವರಿಗೆ ಇರುತ್ತದೆ ಎಂಬುದು ಇದಕ್ಕೆ ಕಾರಣ. ಅಭ್ಯರ್ಥಿಗಳ ವಯಸ್ಸು 25ರಿಂದ 30ರ ನಡುವೆ, ಎತ್ತರ 170 ಸೆಂಟಿಮೀಟರ್‌ಗೆ ಮೀರದಂತೆ, ತೂಕ 72 ಕಿಲೋಗ್ರಾಂಗೆ ಮೀರದಂತೆ ಇರಬೇಕಿತ್ತು. ನೌಕೆಯೊಳಗಿನ ಸ್ಥಳ ಬಹಳ ಕಿರಿದಾಗಿದ್ದುದರಿಂದ ಈ ಮಿತಿಗಳನ್ನು ವಿಧಿಸಲಾಗಿತ್ತು. ಹಿಂದೆ ವಿಮಾನ ಇಳಿಸಲು ತೊಡಕಾಗಿದ್ದ ಕುಳ್ಳು ದೇಹವೇ ಗಗಾರಿನ್ ಅವರಿಗೆ ಇಲ್ಲಿ ಅನುಕೂಲವಾಯಿತು.

ಕಠಿಣ ವೈದ್ಯಕೀಯ ಪರೀಕ್ಷೆಗಳ ನಂತರ 1960ರಲ್ಲಿ 20 ಮಂದಿಯ ಮೊದಲ ತಂಡ ರೂಪುಗೊಂಡಿತು. ತಮ್ಮ ಕೆಲಸದ ಸ್ವರೂಪವನ್ನು ಮನೆಯವರಿಗೂ ತಿಳಿಸದಂತೆ ಅವರಿಗೆ ಸೂಚಿಸಲಾಗಿತ್ತು. ದೇಹದ ಮೇಲೆ ಭಾರಿ ಒತ್ತಡ ಹೇರುವ ತಿರುಗುಯಂತ್ರ, ಪ್ಯಾರಾಚೂಟ್ ಜಿಗಿತ, ಶಬ್ದವೇ ಇಲ್ಲದ ಕೋಣೆಯಲ್ಲಿ ಹಲವು ದಿನಗಳ ಏಕಾಂತವಾಸ ಮುಂತಾದವು ತರಬೇತಿಯ ಭಾಗವಾಗಿದ್ದವು. ಈ ತಂಡದಿಂದ ಮೊದಲ ಯಾನಗಳಿಗಾಗಿ ಆರು ಮಂದಿಯನ್ನು ಪ್ರತ್ಯೇಕಿಸಲಾಯಿತು. ಗಗಾರಿನ್, ಗೆರ್ಮನ್ ಟಿಟೋವ್, ಆಂಡ್ರಿಯನ್ ನಿಕೊಲಾಯೆವ್, ಪಾವೆಲ್ ಪೊಪೊವಿಚ್, ವ್ಯಾಲೆರಿ ಬೈಕೊವ್‌ಸ್ಕಿ ಮತ್ತು ಗ್ರಿಗೊರಿ ನೆಲ್ಯುಬೋವ್ ಆ ಆರು ಮಂದಿ.

ಮೊದಲು ಹಾರಲು ಯಾರು ಯೋಗ್ಯರೆಂದು ತಂಡದ ಸದಸ್ಯರನ್ನೇ ಗುಟ್ಟಾಗಿ ಕೇಳಿದಾಗ, ಬಹುಪಾಲು ಮಂದಿ ಗಗಾರಿನ್ ಅವರ ಹೆಸರನ್ನು ಸೂಚಿಸಿದರು. ಅವರ ಸಮಚಿತ್ತ, ವಿನಯ, ಗಣಿತದ ಹಿಡಿತ ಮತ್ತು ಚುರುಕಾದ ಸ್ಮರಣಶಕ್ತಿಯನ್ನು ಪರೀಕ್ಷಕರೂ ಮೆಚ್ಚಿದ್ದರು. ತರಬೇತಿಯ ಮುಖ್ಯಸ್ಥರಾಗಿದ್ದ ನಿಕೊಲಾಯ್ ಕಾಮಾನಿನ್ ಅವರು ಗಗಾರಿನ್ ಮತ್ತು ಟಿಟೋವ್ ನಡುವೆ ಕೊನೆಯವರೆಗೂ ತೂಗಿನೋಡಿದರು. ಒಂದು ಇಡೀ ದಿನದ, ಹೆಚ್ಚು ಕಷ್ಟದ ಎರಡನೆಯ ಯಾನಕ್ಕೆ ಟಿಟೋವ್ ಅವರನ್ನು ಉಳಿಸಿಕೊಳ್ಳುವುದು ಅವರ ಆಲೋಚನೆಯಾಗಿತ್ತು. 1961ರ ಏಪ್ರಿಲ್ 8ರಂದು ಸರ್ಕಾರಿ ಆಯೋಗವು ಗಗಾರಿನ್ ಅವರನ್ನು ಆರಿಸಿತು. ಟಿಟೋವ್ ಅವರು ಬದಲಿ ಗಗನಯಾತ್ರಿಯಾದರು.

ವೋಸ್ಟಾಕ್ ನೌಕೆ ಮತ್ತು ಅದರ ಅಪಾಯಗಳು

ವೋಸ್ಟಾಕ್ ನೌಕೆಯನ್ನು ಸೆರ್ಗೆಯ್ ಕೊರೊಲೆವ್ ಅವರ ನೇತೃತ್ವದ ವಿನ್ಯಾಸ ಸಂಸ್ಥೆ ರೂಪಿಸಿತ್ತು. ಕೊರೊಲೆವ್ ಅವರ ಹೆಸರು ಅವರು ಜೀವಿಸಿದ್ದಷ್ಟು ಕಾಲವೂ ಸಾರ್ವಜನಿಕರಿಗೆ ತಿಳಿದಿರಲಿಲ್ಲ. ನೌಕೆಯಲ್ಲಿ ಎರಡು ಭಾಗಗಳಿದ್ದವು. ಗಗನಯಾತ್ರಿ ಕೂರುವ, ಸುಮಾರು 2.3 ಮೀಟರ್ ವ್ಯಾಸದ ಗೋಳ ಒಂದು. ಬ್ಯಾಟರಿ, ಇಂಧನ ಮತ್ತು ವೇಗ ತಗ್ಗಿಸುವ ಎಂಜಿನ್ ಇರುವ ಉಪಕರಣ ವಿಭಾಗ ಇನ್ನೊಂದು. ಮರಳುವಾಗ ಉಪಕರಣ ವಿಭಾಗ ಕಳಚಿಕೊಂಡು, ಗೋಳ ಮಾತ್ರ ವಾತಾವರಣವನ್ನು ಪ್ರವೇಶಿಸಬೇಕಿತ್ತು. ಗೋಳದ ಒಂದು ಬದಿ ಹೆಚ್ಚು ಭಾರವಾಗಿದ್ದುದರಿಂದ ಅದು ತಾನಾಗಿಯೇ ಸರಿಯಾದ ದಿಕ್ಕಿಗೆ ತಿರುಗಿಕೊಳ್ಳುತ್ತಿತ್ತು.

1960ರ ಮೇ ತಿಂಗಳಿನಿಂದ 1961ರ ಮಾರ್ಚ್‌ವರೆಗೆ ಈ ಬಗೆಯ ನೌಕೆಗಳ ಏಳು ಮಾನವರಹಿತ ಪರೀಕ್ಷೆಗಳು ನಡೆದವು. ಅವುಗಳಲ್ಲಿ ಪೂರ್ಣ ಯಶಸ್ಸು ಕಂಡವು ಮೂರು ಮಾತ್ರ. 1960ರ ಆಗಸ್ಟ್‌ನಲ್ಲಿ ಬೆಲ್ಕಾ ಮತ್ತು ಸ್ಟ್ರೆಲ್ಕಾ ಎಂಬ ನಾಯಿಗಳು ಜೀವಂತ ಮರಳಿದರೆ, ಡಿಸೆಂಬರ್‌ನಲ್ಲಿ ಇನ್ನೆರಡು ನಾಯಿಗಳು ನೌಕೆಯೊಂದಿಗೆ ನಾಶವಾದವು. ಗಗಾರಿನ್ ಅವರ ಯಾನಕ್ಕೆ ಮೂರು ವಾರಗಳಿಗಿಂತ ಕಡಿಮೆ ಕಾಲ ಉಳಿದಿದ್ದಾಗ, ಮಾರ್ಚ್ 23ರಂದು, ತಂಡದ ಅತ್ಯಂತ ಕಿರಿಯ ಸದಸ್ಯ ವ್ಯಾಲೆಂಟಿನ್ ಬೊಂಡರೆಂಕೊ ಅವರು ತರಬೇತಿ ಕೋಣೆಯೊಳಗೆ ಹೊತ್ತಿಕೊಂಡ ಬೆಂಕಿಯಲ್ಲಿ ಸುಟ್ಟು ಮೃತಪಟ್ಟರು. ಆ ಕೋಣೆಯ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಹೆಚ್ಚಾಗಿತ್ತು. ಈ ಸಾವನ್ನು ಸರ್ಕಾರ ಎರಡು ದಶಕಗಳಿಗೂ ಹೆಚ್ಚು ಕಾಲ ಬಹಿರಂಗಪಡಿಸಲಿಲ್ಲ.

ಅಪಾಯದ ಅರಿವು ಗಗಾರಿನ್ ಅವರಿಗೂ ಇತ್ತು. ಏಪ್ರಿಲ್ 10ರಂದು ಅವರು ಪತ್ನಿಗೆ ಪತ್ರವೊಂದನ್ನು ಬರೆದಿಟ್ಟರು. ತಾವು ಮರಳದಿದ್ದರೆ ದುಃಖದಲ್ಲಿ ಕುಗ್ಗಬಾರದು, ಹೆಣ್ಣುಮಕ್ಕಳನ್ನು ಚೆನ್ನಾಗಿ ಬೆಳೆಸಬೇಕು, ಮುಂದಿನ ಬದುಕನ್ನು ತನ್ನ ಮನಸ್ಸಿಗೆ ಸರಿ ಕಂಡಂತೆ ರೂಪಿಸಿಕೊಳ್ಳಬೇಕು ಎಂಬುದು ಅದರ ಸಾರಾಂಶ. ಎರಡನೆಯ ಮಗಳು ಗಲೀನಾಗೆ ಆಗ ಒಂದು ತಿಂಗಳು ತುಂಬಿತ್ತಷ್ಟೆ. ಯಾನ ಯಶಸ್ವಿಯಾದ್ದರಿಂದ ಪತ್ರ ಪತ್ನಿಯ ಕೈ ಸೇರಲಿಲ್ಲ. 1968ರಲ್ಲಿ ಗಗಾರಿನ್ ಅವರು ನಿಧನರಾದ ನಂತರವೇ ಅದನ್ನು ಅವರಿಗೆ ತಲುಪಿಸಲಾಯಿತು.

ವೋಸ್ಟಾಕ್ 1 ಯಾನ

1961ರ ಏಪ್ರಿಲ್ 12ರಂದು ಮಾಸ್ಕೋ ಸಮಯ ಬೆಳಿಗ್ಗೆ 9 ಗಂಟೆ 7 ನಿಮಿಷಕ್ಕೆ ಇಂದಿನ ಕಜಕಿಸ್ತಾನದಲ್ಲಿರುವ ಬೈಕನೂರು ಉಡಾವಣಾ ಕೇಂದ್ರದಿಂದ ವೋಸ್ಟಾಕ್ 1 ಮೇಲೇರಿತು. ಅದಕ್ಕೆ ಮುನ್ನ ನೌಕೆಯ ಬಾಗಿಲು ಸರಿಯಾಗಿ ಮುಚ್ಚಿರುವ ಸೂಚನೆ ದೊರೆಯದ ಕಾರಣ, ತಂತ್ರಜ್ಞರು ಅದರ ತಿರುಪುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿಯಬೇಕಾಯಿತು. ಉಡಾವಣೆಯ ಕ್ಷಣದಲ್ಲಿ ಗಗಾರಿನ್ ಅವರು ರೇಡಿಯೋದಲ್ಲಿ ಸಹಜವಾಗಿ ಆಡಿದ, ಹೊರಟೆವು ಎಂಬರ್ಥದ ರಷ್ಯನ್ ಮಾತು ಮುಂದೆ ಜನಜನಿತವಾಯಿತು.

ತೂಕರಹಿತ ಸ್ಥಿತಿಯಲ್ಲಿ ಮನುಷ್ಯನ ಬುದ್ಧಿ ಸ್ಥಿಮಿತದಲ್ಲಿರುವುದೇ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಆದುದರಿಂದ ನೌಕೆಯನ್ನು ಸಂಪೂರ್ಣವಾಗಿ ಸ್ವಯಂಚಾಲಿತ ವ್ಯವಸ್ಥೆಯ ಮತ್ತು ಭೂಕೇಂದ್ರಗಳ ನಿಯಂತ್ರಣದಲ್ಲಿ ಇರಿಸಲಾಗಿತ್ತು. ಕೈಯಾರೆ ಚಲಾಯಿಸುವ ವ್ಯವಸ್ಥೆಗೆ ಬೀಗವಿದ್ದು, ಅದನ್ನು ತೆರೆಯುವ 125 ಎಂಬ ಸಂಕೇತಸಂಖ್ಯೆಯನ್ನು ಲಕೋಟೆಯೊಂದರಲ್ಲಿ ಇಡಲಾಗಿತ್ತು. ತುರ್ತು ಸಂದರ್ಭದಲ್ಲಿ ಲಕೋಟೆ ಒಡೆಯಲು ಸಮಯ ಸಿಗದೆ ಹೋಗಬಹುದೆಂದು ಆ ಸಂಖ್ಯೆಯನ್ನು ಅವರಿಗೆ ಮೊದಲೇ ತಿಳಿಸಲಾಗಿತ್ತು. ಅದನ್ನು ಬಳಸುವ ಸಂದರ್ಭ ಬರಲಿಲ್ಲ.

ರಾಕೆಟ್‌ನ ಎಂಜಿನ್ ನಿಗದಿತ ಕ್ಷಣಕ್ಕಿಂತ ತಡವಾಗಿ ಸ್ಥಗಿತಗೊಂಡದ್ದರಿಂದ ನೌಕೆಯು ಯೋಜಿಸಿದ್ದಕ್ಕಿಂತ ಎತ್ತರದ ಕಕ್ಷೆಯನ್ನು ಸೇರಿತು. ಭೂಮಿಯಿಂದ ಅದರ ಗರಿಷ್ಠ ದೂರ ಸುಮಾರು 327 ಕಿಲೋಮೀಟರ್ ಆಗಿತ್ತು. ವೇಗ ತಗ್ಗಿಸುವ ಎಂಜಿನ್ ಕೆಲಸ ಮಾಡದಿದ್ದರೂ, ಕೆಳಮಟ್ಟದ ಕಕ್ಷೆಯಲ್ಲಿ ವಾತಾವರಣದ ಘರ್ಷಣೆಯಿಂದಲೇ ಸುಮಾರು ಹತ್ತು ದಿನಗಳೊಳಗೆ ನೌಕೆ ಕೆಳಗಿಳಿಯುತ್ತದೆ ಎಂಬುದು ವಿನ್ಯಾಸಕಾರರ ಲೆಕ್ಕವಾಗಿತ್ತು. ಆಹಾರ ಮತ್ತು ಗಾಳಿಯನ್ನೂ ಅಷ್ಟು ದಿನಗಳಿಗೇ ಒದಗಿಸಲಾಗಿತ್ತು. ಎತ್ತರದ ಕಕ್ಷೆಯಿಂದಾಗಿ ಈ ಲೆಕ್ಕ ಕೈಬಿಟ್ಟಿತು. ಎಂಜಿನ್ ಕೆಲಸ ಮಾಡಲೇಬೇಕಾದ ಸ್ಥಿತಿ ಒದಗಿತು.

ಗಗಾರಿನ್ ಅವರು ಪೆಸಿಫಿಕ್ ಸಾಗರದ ಮೇಲೆ ಭೂಮಿಯ ನೆರಳನ್ನು ದಾಟಿ, ದಕ್ಷಿಣ ಅಮೆರಿಕದ ತುದಿಯ ಆಚೆಗೆ ಸಾಗಿ ಅಟ್ಲಾಂಟಿಕ್ ಸಾಗರದತ್ತ ಬಂದರು. ಭೂಮಿಯ ಅಂಚಿನ ತೆಳುನೀಲಿ ವಲಯ, ಮೋಡಗಳು, ಕಡಲು ಮತ್ತು ನೆಲದ ನೋಟವನ್ನು ಭೂಕೇಂದ್ರಕ್ಕೆ ವರದಿ ಮಾಡಿದರು. ತೂಕವಿಲ್ಲದ ಸ್ಥಿತಿಯಲ್ಲಿಯೇ ಆಹಾರ ಸೇವಿಸಿದರು, ನೀರು ಕುಡಿದರು. ಟಿಪ್ಪಣಿ ಬರೆಯುತ್ತಿದ್ದ ಪೆನ್ಸಿಲ್ ತೇಲಿ ಕೈತಪ್ಪಿಹೋದ ಮೇಲೆ ಬರವಣಿಗೆ ನಿಲ್ಲಿಸಿ, ಧ್ವನಿಮುದ್ರಣದ ಮೂಲಕ ವಿವರಗಳನ್ನು ದಾಖಲಿಸಿದರು. ಮನುಷ್ಯನು ಬಾಹ್ಯಾಕಾಶದಲ್ಲಿ ನೋಡಬಲ್ಲ, ಯೋಚಿಸಬಲ್ಲ, ಕೆಲಸ ಮಾಡಬಲ್ಲ ಎಂಬುದು ಹೀಗೆ ಖಚಿತವಾಯಿತು.

ಆಫ್ರಿಕಾದ ಪಶ್ಚಿಮ ತೀರದ ಸಮೀಪ ವೇಗ ತಗ್ಗಿಸುವ ಎಂಜಿನ್ ಸುಮಾರು 40 ಸೆಕೆಂಡುಗಳ ಕಾಲ ಉರಿಯಿತು. ಆದರೆ ಅದರ ನಂತರ ಉಪಕರಣ ವಿಭಾಗ ಪೂರ್ತಿಯಾಗಿ ಕಳಚಿಕೊಳ್ಳಲಿಲ್ಲ. ತಂತಿಗಳ ಕಟ್ಟೊಂದು ಎರಡೂ ಭಾಗಗಳನ್ನು ಹಿಡಿದುಕೊಂಡಿತು. ನೌಕೆ ವೇಗವಾಗಿ ಗಿರಗಿರನೆ ತಿರುಗತೊಡಗಿತು. ಸುಮಾರು ಹತ್ತು ನಿಮಿಷಗಳ ಬಳಿಕ ವಾತಾವರಣದ ಬಿಸಿಗೆ ತಂತಿಗಳು ಸುಟ್ಟುಹೋಗಿ ಗೋಳ ಬೇರ್ಪಟ್ಟಿತು. ಈ ಅವಧಿಯಲ್ಲಿ ಗಗಾರಿನ್ ಅವರು ಗಾಬರಿಯ ವರದಿಯನ್ನು ಕಳುಹಿಸಲಿಲ್ಲ. ಸೋವಿಯತ್ ನೆಲದ ಮೇಲೆಯೇ ಇಳಿಯಬಹುದೆಂದು ಮನಸ್ಸಿನಲ್ಲೇ ಲೆಕ್ಕಹಾಕಿ, ಎಲ್ಲವೂ ಸರಿಯಾಗಿದೆಯೆಂಬ ಸಂಕೇತವನ್ನೇ ರವಾನಿಸಿದರು.

ಭೂಸ್ಪರ್ಶ ಮತ್ತು ದಾಖಲೆಯ ವಿವಾದ

ವೋಸ್ಟಾಕ್ ಗೋಳವು ತನ್ನ ಪ್ಯಾರಾಚೂಟ್‌ನೊಂದಿಗೆ ಇಳಿದರೂ ನೆಲಕ್ಕೆ ಬಡಿಯುವ ರಭಸ ಒಳಗಿನವರಿಗೆ ಅಪಾಯಕಾರಿಯಾಗುವಷ್ಟಿತ್ತು. ಆದ್ದರಿಂದ ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಗಗನಯಾತ್ರಿಯು ಆಸನಸಮೇತ ಹೊರಚಿಮ್ಮಿ, ಪ್ರತ್ಯೇಕ ಪ್ಯಾರಾಚೂಟ್‌ನಲ್ಲಿ ಇಳಿಯುವ ವ್ಯವಸ್ಥೆ ಮಾಡಲಾಗಿತ್ತು. ಗಗಾರಿನ್ ಅವರು ಸರಾತೋವ್ ಪ್ರಾಂತ್ಯದ ಎಂಗೆಲ್ಸ್ ನಗರಕ್ಕೆ ಸಮೀಪದ ಹೊಲವೊಂದರಲ್ಲಿ ಇಳಿದರು. ಆರು ವರ್ಷಗಳ ಹಿಂದೆ ಅವರು ಹಾರಾಟ ಕಲಿತದ್ದೂ ಇದೇ ಪ್ರದೇಶದಲ್ಲಿ. ಕಿತ್ತಳೆ ಬಣ್ಣದ ಉಡುಪು ಮತ್ತು ಬಿಳಿ ಶಿರಸ್ತ್ರಾಣ ಧರಿಸಿದ್ದ ಅವರನ್ನು ಮೊದಲು ಕಂಡವರು ಹೊಲದಲ್ಲಿದ್ದ ಒಬ್ಬ ಮಹಿಳೆ ಮತ್ತು ಆಕೆಯ ಮೊಮ್ಮಗಳು. ಅವರು ಹೆದರಿ ಹಿಂದೆ ಸರಿದಾಗ, ತಾನೂ ಸೋವಿಯತ್ ಪ್ರಜೆಯೇ ಎಂದು ಗಗಾರಿನ್ ಅವರು ತಿಳಿಸಿ ಸಮಾಧಾನಪಡಿಸಿದರು.

ವೈಮಾನಿಕ ದಾಖಲೆಗಳನ್ನು ಮಾನ್ಯ ಮಾಡುವ ಅಂತಾರಾಷ್ಟ್ರೀಯ ಒಕ್ಕೂಟದ ಆಗಿನ ನಿಯಮದ ಪ್ರಕಾರ ಚಾಲಕನು ತನ್ನ ವಾಹನದೊಳಗೇ ಇದ್ದು ಇಳಿಯಬೇಕಿತ್ತು. ದಾಖಲೆ ಕೈತಪ್ಪಬಾರದೆಂದು ಸೋವಿಯತ್ ಅಧಿಕಾರಿಗಳು ಗಗಾರಿನ್ ಅವರು ಪ್ರತ್ಯೇಕವಾಗಿ ಇಳಿದ ಸಂಗತಿಯನ್ನು ವರ್ಷಗಳ ಕಾಲ ಮುಚ್ಚಿಟ್ಟರು. ಪತ್ರಕರ್ತರು ಈ ಬಗ್ಗೆ ಪ್ರಶ್ನಿಸಿದಾಗ ಗಗಾರಿನ್ ಅವರೂ ನೇರ ಉತ್ತರ ನೀಡದೆ ಜಾರಿಕೊಳ್ಳಬೇಕಾಯಿತು. ನಿಜಾಂಶ ತಿಳಿದ ಮೇಲೂ ಒಕ್ಕೂಟವು ದಾಖಲೆಯನ್ನು ಹಿಂಪಡೆಯಲಿಲ್ಲ. ಮನುಷ್ಯನನ್ನು ಕಕ್ಷೆಗೆ ಸೇರಿಸಿ ಜೀವಂತವಾಗಿ ಮರಳಿ ತರುವುದೇ ಮುಖ್ಯ ಸಾಧನೆಯೆಂಬ ನಿಲುವು ಅಂಗೀಕೃತವಾಯಿತು.

ಕೀರ್ತಿ ಮತ್ತು ವಿದೇಶ ಪ್ರವಾಸಗಳು

ಹಿರಿಯ ಲೆಫ್ಟಿನೆಂಟ್ ಆಗಿ ಹೊರಟ ಗಗಾರಿನ್ ಅವರಿಗೆ ಯಾನ ನಡೆಯುತ್ತಿದ್ದಾಗಲೇ ಮೇಜರ್ ಹುದ್ದೆಗೆ ಬಡ್ತಿ ನೀಡಲಾಯಿತು. ಏಪ್ರಿಲ್ 14ರಂದು ಮಾಸ್ಕೋದಲ್ಲಿ ಅವರಿಗೆ ಭಾರಿ ಸ್ವಾಗತ ದೊರೆಯಿತು. ನಾಯಕ ನಿಕಿತಾ ಕ್ರುಶ್ಚೇವ್ ಅವರತ್ತ ಕೆಂಪು ಹಾಸಿನ ಮೇಲೆ ನಡೆದು ಬರುವಾಗ ಅವರ ಒಂದು ಶೂಲೇಸ್ ಬಿಚ್ಚಿಹೋಗಿದ್ದು ಚಲನಚಿತ್ರದಲ್ಲಿ ದಾಖಲಾಗಿದೆ. ದೇಶದ ಅತ್ಯುನ್ನತ ಗೌರವವಾದ ಸೋವಿಯತ್ ಒಕ್ಕೂಟದ ವೀರ ಎಂಬ ಬಿರುದನ್ನು ಅವರಿಗೆ ನೀಡಲಾಯಿತು.

ನಂತರದ ವರ್ಷಗಳಲ್ಲಿ ಅವರು ಸುಮಾರು 30 ದೇಶಗಳಿಗೆ ಭೇಟಿ ನೀಡಿದರು. 1961ರ ಜುಲೈನಲ್ಲಿ ಬ್ರಿಟನ್ನಿನ ಎರಕದ ಕೆಲಸಗಾರರ ಸಂಘವು ತಮ್ಮ ವೃತ್ತಿಬಾಂಧವರೆಂಬ ಅಭಿಮಾನದಿಂದ ಅವರನ್ನು ಮ್ಯಾಂಚೆಸ್ಟರ್ ನಗರಕ್ಕೆ ಆಹ್ವಾನಿಸಿತು. ಅಲ್ಲಿ ಸುರಿಯುವ ಮಳೆಯಲ್ಲಿ ಕಾದು ನಿಂತಿದ್ದ ಜನರಿಗೆ ಕಾಣಿಸುವಂತೆ ಅವರು ತೆರೆದ ಕಾರಿನಲ್ಲಿಯೇ ಸಾಗಿದರು.

1961ರ ನವೆಂಬರ್ ಅಂತ್ಯದಲ್ಲಿ ಗಗಾರಿನ್ ದಂಪತಿ ಭಾರತಕ್ಕೆ ಬಂದರು. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ದೆಹಲಿಯಲ್ಲಿ ಅವರನ್ನು ಬರಮಾಡಿಕೊಂಡರು. ಡಿಸೆಂಬರ್ ತಿಂಗಳಲ್ಲಿ ಮುಂಬಯಿ, ಕಲ್ಕತ್ತಾ ಮುಂತಾದ ನಗರಗಳಿಗೂ ಅವರು ಭೇಟಿ ನೀಡಿದರು. ಭಾರತದ ಬಾಹ್ಯಾಕಾಶ ಕಾರ್ಯಕ್ರಮ ಆಗಿನ್ನೂ ಆರಂಭವಾಗಿರಲಿಲ್ಲ. ತುಂಬಾ ಕೇಂದ್ರದಿಂದ ಮೊದಲ ರಾಕೆಟ್ ಹಾರಿದ್ದು 1963ರಲ್ಲಿ.

ಈ ಕೀರ್ತಿಯಿಂದ ಗಗಾರಿನ್ ಅವರಿಗೆ ಬಳಲಿಕೆಯೂ ಉಂಟಾಯಿತು. ಎಡೆಬಿಡದ ಸಮಾರಂಭಗಳು ಮತ್ತು ಔತಣಕೂಟಗಳು ಅವರ ದಿನಗಳನ್ನು ಆವರಿಸಿದವು. ಅವರ ಮದ್ಯಪಾನ ಹೆಚ್ಚಾಗುತ್ತಿರುವ ಬಗ್ಗೆ ಕಾಮಾನಿನ್ ಅವರು ತಮ್ಮ ದಿನಚರಿಯಲ್ಲಿ ಚಿಂತೆ ವ್ಯಕ್ತಪಡಿಸಿದ್ದಾರೆ. 1961ರ ಅಕ್ಟೋಬರ್‌ನಲ್ಲಿ ಕ್ರಿಮಿಯಾದ ಫೋರೋಸ್ ವಿಶ್ರಾಂತಿಧಾಮದಲ್ಲಿದ್ದಾಗ ಅವರು ಎತ್ತರದಿಂದ ಹಾರಿ ಬಿದ್ದು ಮುಖಕ್ಕೆ ತೀವ್ರ ಪೆಟ್ಟು ಮಾಡಿಕೊಂಡರು. ಎಡ ಹುಬ್ಬಿನ ಮೇಲಿನ ಗಾಯದ ಗುರುತು ಕೊನೆಯವರೆಗೂ ಉಳಿಯಿತು.

ಮತ್ತೆ ಹಾರುವ ಪ್ರಯತ್ನ

ಗಗಾರಿನ್ ಅವರು 1962ರಲ್ಲಿ ಸುಪ್ರೀಂ ಸೋವಿಯತ್ ಸದಸ್ಯರಾಗಿ ಆಯ್ಕೆಯಾದರು. 1963ರಲ್ಲಿ ಕರ್ನಲ್ ಹುದ್ದೆಗೆ ಏರಿದರು. ಅದೇ ವರ್ಷದ ಕೊನೆಯಲ್ಲಿ ಗಗನಯಾತ್ರಿ ತರಬೇತಿ ಕೇಂದ್ರದ ಉಪಮುಖ್ಯಸ್ಥರಾಗಿ ನೇಮಕಗೊಂಡರು. ಹೊಸ ಗಗನಯಾತ್ರಿಗಳ ತರಬೇತಿಯ ಹೊಣೆ ಹೊತ್ತ ಅವರು, ತಾವು ಮಾತ್ರ ಹಾರದೆ ಇತರರಿಗೆ ತರಬೇತಿ ನೀಡುವ ಸ್ಥಿತಿಗೆ ಒಗ್ಗಿಕೊಳ್ಳಲಿಲ್ಲ. ಜುಕೊವ್‌ಸ್ಕಿ ವಾಯುಪಡೆ ಎಂಜಿನಿಯರಿಂಗ್ ಅಕಾಡೆಮಿಯಲ್ಲಿ ಉನ್ನತ ವ್ಯಾಸಂಗ ಕೈಗೊಂಡು, ರೆಕ್ಕೆಗಳಿರುವ ಮರುಬಳಕೆಯ ಬಾಹ್ಯಾಕಾಶ ವಾಹನದ ಕುರಿತು ಪ್ರಬಂಧ ಸಿದ್ಧಪಡಿಸಿದರು. 1968ರ ಫೆಬ್ರುವರಿಯಲ್ಲಿ ಆ ಅಧ್ಯಯನ ಪೂರ್ಣಗೊಂಡಿತು.

ಬಹುಕಾಲದ ಒತ್ತಾಯದ ನಂತರ ಅವರಿಗೆ ಸೋಯುಜ್ ನೌಕೆಯ ತರಬೇತಿಗೆ ಅನುಮತಿ ದೊರೆಯಿತು. ಸೋಯುಜ್ 1 ಯಾನಕ್ಕೆ ವ್ಲಾಡಿಮಿರ್ ಕೊಮರೋವ್ ಅವರು ಆಯ್ಕೆಯಾಗಿದ್ದರು. ಗಗಾರಿನ್ ಅವರು ಬದಲಿ ಗಗನಯಾತ್ರಿಯಾಗಿದ್ದರು. 1967ರ ಏಪ್ರಿಲ್ 23ರಂದು ಹೊರಟ ನೌಕೆಯಲ್ಲಿ ಆರಂಭದಿಂದಲೇ ದೋಷಗಳು ಕಾಣಿಸಿಕೊಂಡವು. ಮರುದಿನ ಮರಳುವಾಗ ಪ್ಯಾರಾಚೂಟ್ ಸರಿಯಾಗಿ ತೆರೆದುಕೊಳ್ಳದೆ ನೌಕೆ ನೆಲಕ್ಕಪ್ಪಳಿಸಿ ಕೊಮರೋವ್ ಅವರು ಮೃತಪಟ್ಟರು. ಬಾಹ್ಯಾಕಾಶ ಯಾನದ ವೇಳೆ ಸಂಭವಿಸಿದ ಮೊದಲ ಸಾವು ಅದಾಗಿತ್ತು. ಮೊದಲ ಗಗನಯಾತ್ರಿಯನ್ನು ಇಂತಹ ಅಪಾಯಕ್ಕೆ ಒಡ್ಡಬಾರದೆಂದು ನಿರ್ಧರಿಸಿ, ಗಗಾರಿನ್ ಅವರನ್ನು ಮುಂದಿನ ಯಾನಗಳ ಸಿದ್ಧತೆಯಿಂದ ದೂರವಿಡಲಾಯಿತು. ಕನಿಷ್ಠಪಕ್ಷ ಯುದ್ಧವಿಮಾನ ಚಾಲನೆಯ ಅರ್ಹತೆಯನ್ನಾದರೂ ಮರಳಿ ಪಡೆಯಬೇಕೆಂಬುದು ಅವರ ಮುಂದಿನ ಗುರಿಯಾಯಿತು. ಹಾರದ ವ್ಯಕ್ತಿ ಹಾರುವವರನ್ನು ಮುನ್ನಡೆಸುವುದು ಸರಿಯಲ್ಲವೆಂಬುದು ಅವರ ನಿಲುವಾಗಿತ್ತು.

ನಿಧನ

1968ರ ಮಾರ್ಚ್ 27ರಂದು ಗಗಾರಿನ್ ಅವರು ಮಾಸ್ಕೋ ಸಮೀಪದ ಚ್ಕಾಲೊವ್‌ಸ್ಕಿ ವಾಯುನೆಲೆಯಿಂದ ಎರಡು ಆಸನಗಳ ಮಿಗ್-15 ತರಬೇತಿ ವಿಮಾನದಲ್ಲಿ ಹೊರಟರು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ್ದ ಅನುಭವಿ ಚಾಲಕ ವ್ಲಾಡಿಮಿರ್ ಸೆರ್ಯೊಗಿನ್ ಅವರು ಶಿಕ್ಷಕರಾಗಿ ಜೊತೆಗಿದ್ದರು. ಈ ಪರಿಶೀಲನಾ ಹಾರಾಟ ಮುಗಿದ ಬಳಿಕ ಗಗಾರಿನ್ ಅವರು ಮಿಗ್-17 ವಿಮಾನವನ್ನು ಒಬ್ಬರೇ ಹಾರಿಸಬೇಕಿತ್ತು. ಬೆಳಿಗ್ಗೆ 10 ಗಂಟೆ 18 ನಿಮಿಷಕ್ಕೆ ವಿಮಾನ ಮೇಲೇರಿತು. ಸುಮಾರು 12 ನಿಮಿಷಗಳ ನಂತರ, ಅಭ್ಯಾಸ ಮುಗಿದಿದ್ದು ನೆಲೆಗೆ ಮರಳುತ್ತಿರುವುದಾಗಿ ಗಗಾರಿನ್ ಅವರು ತಿಳಿಸಿದರು. ಆಮೇಲೆ ಸಂಪರ್ಕ ಕಡಿದುಹೋಯಿತು. ಕಿರ್ಜಾಚ್ ಪಟ್ಟಣದ ಬಳಿಯ ಕಾಡಿನಲ್ಲಿ ವಿಮಾನದ ಅವಶೇಷಗಳು ಪತ್ತೆಯಾದವು. ಇಬ್ಬರೂ ಸ್ಥಳದಲ್ಲೇ ಮೃತಪಟ್ಟಿದ್ದರು.

ಸೋವಿಯತ್ ಒಕ್ಕೂಟದಲ್ಲಿ ರಾಷ್ಟ್ರೀಯ ಶೋಕಾಚರಣೆ ಘೋಷಿಸಲಾಯಿತು. ಮಾರ್ಚ್ 30ರಂದು ಇಬ್ಬರ ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿ ಇರಿಸಲಾಯಿತು.

ಅಪಘಾತದ ತನಿಖಾ ವರದಿಯನ್ನು ದಶಕಗಳ ಕಾಲ ಗೋಪ್ಯವಾಗಿ ಇಟ್ಟಿದ್ದರಿಂದ ಹಲವು ಊಹಾಪೋಹಗಳು ಹರಡಿದವು. 2011ರಲ್ಲಿ ಬಹಿರಂಗಗೊಂಡ ತೀರ್ಮಾನದ ಪ್ರಕಾರ, ಹವಾಮಾನ ಬಲೂನನ್ನು ತಪ್ಪಿಸಲು ಅಥವಾ ಮೋಡದ ಪದರಕ್ಕೆ ನುಗ್ಗದಂತೆ ವಿಮಾನವನ್ನು ಥಟ್ಟನೆ ತಿರುಗಿಸಿದ್ದು ನಿಯಂತ್ರಣ ತಪ್ಪಲು ಕಾರಣವಾಗಿರಬಹುದು. ಗಗನಯಾತ್ರಿ ಅಲೆಕ್ಸೈ ಲಿಯೊನೊವ್ ಅವರು ಬೇರೆಯದೇ ಕಾರಣ ನೀಡಿದ್ದಾರೆ. ಅವರ ಪ್ರಕಾರ, ನಿಗದಿತ ಎತ್ತರಕ್ಕಿಂತ ಕೆಳಗೆ ಹಾರುತ್ತಿದ್ದ ಸುಖೋಯ್ ಯುದ್ಧವಿಮಾನವೊಂದು ತೀರ ಸಮೀಪದಲ್ಲಿ ಹಾದುಹೋದಾಗ ಎದ್ದ ಗಾಳಿಯ ಸುಳಿಗೆ ಮಿಗ್ ವಿಮಾನ ಸಿಲುಕಿತು. ಅಂದು ಚಾಲಕರಿಗೆ ನೀಡಿದ್ದ ಹವಾಮಾನ ಮಾಹಿತಿ ಹಳೆಯದಾಗಿತ್ತೆಂಬ ಅಂಶವೂ ಚರ್ಚೆಗೆ ಒಳಗಾಗಿದೆ. ಎಲ್ಲರೂ ಒಪ್ಪುವ ಒಂದೇ ಕಾರಣ ಇಂದಿಗೂ ಸ್ಥಾಪಿತವಾಗಿಲ್ಲ.

ಪತ್ನಿ ವ್ಯಾಲೆಂಟಿನಾ ಅವರು ಮರುವಿವಾಹವಾಗದೆ, ಪ್ರಚಾರದಿಂದ ದೂರ ಉಳಿದು ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ಅವರು 2020ರಲ್ಲಿ ನಿಧನರಾದರು.

ಸ್ಮರಣೆ

ಗಗಾರಿನ್ ಅವರು ಓದಿ ಬೆಳೆದ ಗ್ಜಾತ್ಸ್ಕ್ ಪಟ್ಟಣಕ್ಕೆ 1968ರಲ್ಲಿ ಗಗಾರಿನ್ ಎಂದು ಹೆಸರಿಡಲಾಯಿತು. ಚಂದ್ರನ ಹಿಂಬದಿಯ ಕುಳಿಯೊಂದಕ್ಕೂ 1772 ಗಗಾರಿನ್ ಎಂಬ ಕ್ಷುದ್ರಗ್ರಹಕ್ಕೂ ಅವರ ಹೆಸರಿದೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಗಗಾರಿನ್ ಮತ್ತು ಕೊಮರೋವ್ ಅವರ ನೆನಪಿನ ಪದಕಗಳನ್ನು ಚಂದ್ರನ ಮೇಲೆ ಇರಿಸಿದರು. ಮಾಸ್ಕೋದಲ್ಲಿ 1980ರಲ್ಲಿ ಅವರ 42.5 ಮೀಟರ್ ಎತ್ತರದ ಟೈಟಾನಿಯಂ ಸ್ಮಾರಕವನ್ನು ನಿರ್ಮಿಸಲಾಯಿತು. ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್ ಯಾನವು 1981ರ ಏಪ್ರಿಲ್ 12ರಂದು, ವೋಸ್ಟಾಕ್ ಯಾನದ 20ನೆಯ ವಾರ್ಷಿಕದಂದೇ ನಡೆಯಿತು. ವಿಶ್ವಸಂಸ್ಥೆಯು 2011ರಲ್ಲಿ ಏಪ್ರಿಲ್ 12ನ್ನು ಮಾನವ ಬಾಹ್ಯಾಕಾಶ ಯಾನದ ಅಂತಾರಾಷ್ಟ್ರೀಯ ದಿನವೆಂದು ಘೋಷಿಸಿತು.

ಮಾಸ್ಕೋ ಸಮೀಪದ ಗಗನಯಾತ್ರಿ ತರಬೇತಿ ಕೇಂದ್ರಕ್ಕೆ ಅವರ ಹೆಸರನ್ನೇ ಇಡಲಾಗಿದೆ. 1984ರಲ್ಲಿ ಬಾಹ್ಯಾಕಾಶಕ್ಕೆ ತೆರಳಿದ ಮೊದಲ ಭಾರತೀಯ ರಾಕೇಶ್ ಶರ್ಮಾ ಅವರು ತರಬೇತಿ ಪಡೆದದ್ದು ಇದೇ ಕೇಂದ್ರದಲ್ಲಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋ ಸಂಸ್ಥೆಯ ಗಗನಯಾನ ಯೋಜನೆಗೆ ಆಯ್ಕೆಯಾದ ನಾಲ್ವರು ವಾಯುಪಡೆಯ ಚಾಲಕರೂ 2020 ಮತ್ತು 2021ರಲ್ಲಿ ಅಲ್ಲಿಯೇ ಪ್ರಾಥಮಿಕ ತರಬೇತಿ ಪೂರ್ಣಗೊಳಿಸಿದರು.